ಅಸ್ತಮಾ ಇದ್ದರೆ ನ್ಯುಮೋನಿಯಾದಿಂದ ಸಾಯುವ ಅಪಾಯ ಕಡಿಮೆಯೇ? ಕಂಪ್ಯೂಟರ್ ಹಾಗೆ ಹೇಳಿದ್ದೇಕೆ?

'ಡಾಕ್ಟರ್‌ಗಿಂತ ಎಐ ಮೇಲು, ಇಷ್ಟು ಪರ್ಸೆಂಟ್ ಕರೆಕ್ಟ್' ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಪರ್ಸೆಂಟ್ ಚೆನ್ನಾಗಿದೆಯಲ್ಲ, ಇನ್ನೇನು ಬೇಕು ಎನಿಸಬಹುದು. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ಈ ಸಂಗತಿಯನ್ನು ಒಮ್ಮೆ ಓದಿ.

ನ್ಯುಮೋನಿಯಾ ಬಂದವರಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಬೇಕು, ಯಾರಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು? ಇದನ್ನು ಕಂಪ್ಯೂಟರ್‌ನಿಂದ ತಿಳಿಯಲು ಸಂಶೋಧಕರು 14,199 ರೋಗಿಗಳ ದಾಖಲೆ ಇಟ್ಟುಕೊಂಡು ಹಲವು ಬಗೆಯ ಪ್ರೋಗ್ರಾಂಗಳಿಗೆ ತರಬೇತಿ ಕೊಟ್ಟರು. ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯದು ಎಲ್ಲಕ್ಕಿಂತ ಹೆಚ್ಚು ಅಂಕ ಗಳಿಸಿತು. ಆದರೆ ಅದು ಉತ್ತರ ಮಾತ್ರ ಕೊಡುತ್ತಿತ್ತು, ಕಾರಣ ಹೇಳುತ್ತಿರಲಿಲ್ಲ. ಇನ್ನೊಂದು ಸರಳ ಪ್ರೋಗ್ರಾಂ ತಾನು ಕಲಿತದ್ದನ್ನು ನಿಯಮಗಳಾಗಿ ಬರೆದಿಡುತ್ತಿತ್ತು. ಅದರಲ್ಲಿ ಒಂದು ನಿಯಮ ಹೀಗಿತ್ತು: ರೋಗಿಗೆ ಅಸ್ತಮಾ ಇದ್ದರೆ ಸಾವಿನ ಅಪಾಯ ಕಡಿಮೆ.

ವೈದ್ಯರ ತಿಳಿವಳಿಕೆಗೆ ಇದು ಪೂರ್ತಿ ಉಲ್ಟಾ. ಹಾಗಂತ ಕಂಪ್ಯೂಟರ್ ಲೆಕ್ಕ ತಪ್ಪಿರಲಿಲ್ಲ! ಅಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಅಪಾಯ ಹೆಚ್ಚೆಂದು ವೈದ್ಯರಿಗೆ ಗೊತ್ತಿತ್ತು. ಹಾಗಾಗಿ ಅವರನ್ನು ಸಾಮಾನ್ಯವಾಗಿ ನೇರವಾಗಿ ಐಸಿಯುಗೆ ಸೇರಿಸುತ್ತಿದ್ದರು. ಆ ಆರೈಕೆಯಿಂದ ಹೆಚ್ಚಿನವರು ಬದುಕಿದರು. ಕಂಪ್ಯೂಟರ್‌ಗೆ ಕಂಡದ್ದು ಬದುಕಿದವರ ಸಂಖ್ಯೆ ಮಾತ್ರ. ಅದರ ಮಾತು ಕೇಳಿ ಅಂಥವರನ್ನು ಮನೆಗೆ ಕಳಿಸಿದ್ದರೆ ಜೀವಗಳೇ ಹೋಗುತ್ತಿದ್ದವು.

ಪರೀಕ್ಷೆ ಮಾಡಿದಾಗ ಇದು ಸಿಕ್ಕಿಬೀಳಲಿಲ್ಲವೇ? ಇಲ್ಲ, ಇಲ್ಲೇ ಇರುವುದು ಮಜಾ. ಪರೀಕ್ಷೆಗೆ ಬಳಸಿದ್ದೂ ಅದೇ ದಾಖಲೆಗಳ ಇನ್ನೊಂದು ಭಾಗವನ್ನು. ಆ ರೋಗಿಗಳಿಗೂ ಅದೇ ಆರೈಕೆ ಸಿಕ್ಕಿತ್ತು, ಅವರಲ್ಲೂ ಹೆಚ್ಚಿನವರು ಬದುಕಿದ್ದರು. ಹಾಗಾಗಿ 'ಅಪಾಯ ಕಡಿಮೆ' ಎಂದಾಗ ಹೆಚ್ಚಿನ ಸಲ ಪ್ರೋಗ್ರಾಂಗೆ ಅಂಕ ಕಳೆಯುವ ಬದಲು ಅಂಕ ಸಿಗುತ್ತಿತ್ತು. ಅಂಕದಲ್ಲಿ ಹಿಂದಿದ್ದ ಸರಳ ಪ್ರೋಗ್ರಾಂ ತನ್ನ ನಿಯಮವನ್ನು ಓದಲು ಬರುವಂತೆ ಬರೆದಿಟ್ಟಿದ್ದರಿಂದಲೇ ವಿಷಯ ಹೊರಬಿತ್ತು.

ಕೊನೆಗೆ ನ್ಯೂರಲ್ ನೆಟ್‌ವರ್ಕನ್ನು ರೋಗಿಗಳ ಮೇಲೆ ಬಳಸದಿರಲು ತೀರ್ಮಾನವಾಯಿತು. ಅಸ್ತಮಾ ವಿಷಯವನ್ನು ಸರಿಪಡಿಸಬಹುದಿತ್ತು. ಕಣ್ಣಿಗೆ ಬೀಳದ ಇಂಥ ಇನ್ನೆಷ್ಟು ನಿಯಮಗಳು ಒಳಗಿವೆ ಎಂಬುದೇ ಭಯ. ಅದನ್ನು ತರಬೇತುಗೊಳಿಸಿದ್ದ ರಿಚ್ ಕರುವಾನಾ 2015ರಲ್ಲಿ ಸಹೋದ್ಯೋಗಿಗಳ ಜೊತೆ ಅದೇ ದಾಖಲೆಗಳಿಗೆ ಹೊಸ ಮಾದರಿ ಮಾಡಿದರು. ವಯಸ್ಸು, ಅಸ್ತಮಾ ಹೀಗೆ ಒಂದೊಂದು ಅಂಶವೂ ಅಪಾಯವನ್ನು ಎಷ್ಟು ಏರಿಸುತ್ತದೆ, ಎಷ್ಟು ಇಳಿಸುತ್ತದೆ ಎಂದು ಇದರಲ್ಲಿ ಗ್ರಾಫ್ ನೋಡಿ ತಿಳಿಯಬಹುದು. ತಪ್ಪು ಕಂಡರೆ ಅಷ್ಟನ್ನೇ ತಿದ್ದಬಹುದು.

ಎಕ್ಸ್‌ರೇ ಓದುವ ಪ್ರೋಗ್ರಾಂಗಳಲ್ಲೂ ಇಂಥದ್ದು ಕಂಡಿದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂದೇ ಪ್ರೋಗ್ರಾಂ ಗುರುತಿಸುತ್ತಿತ್ತು. ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಚಿತ್ರಗಳಲ್ಲಿ ಸುಮಾರು ಶೇ. 34 ನ್ಯುಮೋನಿಯಾದವು, ಇನ್ನೆರಡು ಕಡೆಯವುಗಳಲ್ಲಿ ಬರೀ ಶೇ. 1ರಷ್ಟು. ಅಂದರೆ ಆಸ್ಪತ್ರೆ ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆಯೇ! ತರಬೇತಿಯಲ್ಲಿ ಇಲ್ಲದ ಬೇರೆ ಆಸ್ಪತ್ರೆಯ ಚಿತ್ರ ಕೊಟ್ಟಾಗ ಹಲವು ಸಲ ಅದರ ಅಂಕ ಇಳಿಯಿತು. ಆದ್ದರಿಂದ ಇಂಥ ಫಾರ್ವರ್ಡ್ ಬಂದಾಗ, ಪರೀಕ್ಷೆ ಎಲ್ಲಿ ನಡೆಯಿತು, ಕಲಿತ ಜಾಗದಲ್ಲೋ ಹೊಸ ಜಾಗದಲ್ಲೋ ಎಂದು ಹುಡುಕಿ ನೋಡಿ.

ಅಂದಹಾಗೆ, ಅಸ್ತಮಾ ಇರುವವರಿಗೆ ಜ್ವರ, ಕೆಮ್ಮಿನ ಜೊತೆ ಉಸಿರಾಡಲು ಕಷ್ಟವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.