ಗಾಜಿನ ಗೋಳಕ್ಕೆ ಒಳಗಿನಿಂದ ಬಣ್ಣ: ಕ್ರಿಸ್ಮಸ್ ಅಲಂಕಾರಕ್ಕೊಂದು ಕೈಪಿಡಿ

ಆಗಮನ ಕಾಲ ಆರಂಭವಾಯಿತೆಂದರೆ ಧರ್ಮಕೇಂದ್ರಗಳಲ್ಲಿ ಗೋದಲಿ, ನಕ್ಷತ್ರ ಮತ್ತು ಕ್ರಿಸ್ಮಸ್ ಮರದ ಸಿದ್ಧತೆ ಶುರುವಾಗುತ್ತದೆ. ಅಂಗಡಿಯಲ್ಲಿ ಸಿದ್ಧ ಅಲಂಕಾರ ಕೊಳ್ಳುವ ಬದಲು, ಬಣ್ಣವಿಲ್ಲದ ಪಾರದರ್ಶಕ ಗಾಜಿನ ಗೋಳಗಳನ್ನು ತಂದು ಬಣ್ಣದ ಪುಡಿ ಹಾಗೂ ಗ್ಲಿಟರ್‌ನಿಂದ ಅಲಂಕರಿಸುವುದು ಖರ್ಚು ಕಡಿಮೆಯಾದ, ಎಲ್ಲರೂ ಕಲಿಯಬಹುದಾದ ಕೆಲಸ. ಯುವಜನರಿಗೆ, ಸ್ತ್ರೀ ಸಂಘಟನೆಯವರಿಗೆ, ಧರ್ಮೋಪದೇಶ ತರಗತಿಯ ಶಿಕ್ಷಕರಿಗೆ ಅನುಕೂಲವಾಗಲೆಂದು ಇದರ ಹಿನ್ನೆಲೆ, ವಿಧಾನ ಮತ್ತು ಎಚ್ಚರಿಕೆಗಳನ್ನು ಇಲ್ಲಿ ನೀಡಲಾಗಿದೆ. ಇಡೀ ಲೇಖನದ ಸಾರ ಒಂದೇ ಮಾತಿನಲ್ಲಿದೆ: ಪುಡಿ ಗೋಳದ ಹೊರಗೆ ಅಂಟಬಾರದು, ಒಳಗೆ ಇರಬೇಕು. ಅಂದವೂ ಅದರಲ್ಲೇ ಇದೆ, ಸುರಕ್ಷತೆಯೂ ಅದರಲ್ಲೇ ಇದೆ.

ಹಣ್ಣಿನಿಂದ ಗೋಳದವರೆಗೆ

ಮಧ್ಯಯುಗದ ಯೂರೋಪಿನಲ್ಲಿ ಡಿಸೆಂಬರ್ 24 ಆದಾಮ ಮತ್ತು ಹವ್ವರ ಸ್ಮರಣೆಯ ದಿನವಾಗಿತ್ತು. ಅಂದು ಆಡುತ್ತಿದ್ದ ನಾಟಕಗಳಲ್ಲಿ ಏದೆನ್ ತೋಟದ ಮರವೆಂದು ಹಸಿರು ಮರವೊಂದಕ್ಕೆ ಸೇಬು ಕಟ್ಟುತ್ತಿದ್ದರು. ಇಂದಿನ ಕೆಂಪು ಗೋಳದ ಹಿಂದೆ ಈ ಸೇಬಿನ ನೆನಪಿದೆ. ಜನಪ್ರಿಯ ಭಕ್ತಿ ಮತ್ತು ಆರಾಧನಾ ವಿಧಿಯ ಬಗ್ಗೆ 2001ರಲ್ಲಿ ವ್ಯಾಟಿಕನ್ ಹೊರತಂದ ಮಾರ್ಗದರ್ಶಿಯೂ ಕ್ರಿಸ್ಮಸ್ ಮರವನ್ನು ಏದೆನ್ ತೋಟದ ಮರಕ್ಕೂ ಶಿಲುಬೆಯ ಮರಕ್ಕೂ ಸಂಬಂಧಿಸಿ ವಿವರಿಸುತ್ತದೆ. ಸಂತ ಪೇತ್ರರ ಚೌಕದಲ್ಲಿ ಮೊದಲ ಬಾರಿಗೆ ಕ್ರಿಸ್ಮಸ್ ಮರ ನಿಂತದ್ದು 1982ರಲ್ಲಿ, ಪೋಪ್ ಎರಡನೇ ಜಾನ್ ಪೌಲರ ಕಾಲದಲ್ಲಿ.

ಗಾಜಿನ ಗೋಳದ ತವರು ಜರ್ಮನಿಯ ಥುರಿಂಗಿಯಾ ಪ್ರಾಂತದ ಲೌಶಾ ಎಂಬ ಬೆಟ್ಟದೂರು. 1597ರಲ್ಲಿ ಅಲ್ಲಿ ಗಾಜಿನ ಕಾರ್ಖಾನೆ ಸ್ಥಾಪನೆಯಾಯಿತು. ಸೇಬು ಮತ್ತು ಅಕ್ರೋಟು ಕೊಳ್ಳಲು ಹಣವಿಲ್ಲದ ಬಡ ಕುಶಲಕರ್ಮಿಯೊಬ್ಬ ತನ್ನ ಮರಕ್ಕಾಗಿ ಗಾಜಿನ ಹಣ್ಣು ಊದಿದನೆಂಬ ಕಥೆ ಅಲ್ಲಿ ಪ್ರಚಲಿತವಿದೆ. ಕಥೆ ಹೇಗೇ ಇರಲಿ, 1848ರ ಬೇಡಿಕೆ ಪುಸ್ತಕವೊಂದರಲ್ಲಿ ಆರು ಡಜನ್ ಕ್ರಿಸ್ಮಸ್ ಗೋಳಗಳ ದಾಖಲೆ ಇದೆ. 1867ರಲ್ಲಿ ಊರಿಗೆ ಅನಿಲ ಸ್ಥಾವರ ಬಂದ ಮೇಲೆ ಜ್ವಾಲೆಯನ್ನು ಬೇಕಾದಂತೆ ಹದಗೊಳಿಸಲು ಸಾಧ್ಯವಾಗಿ, ತೆಳುಗಾಜಿನ ದೊಡ್ಡ ಗೋಳಗಳು ತಯಾರಾದವು.

ಲೌಶಾದವರು ಹೊಳಪನ್ನು ಹೊರಗೆ ಬಳಿಯದೆ ಗೋಳದ ಒಳಗೆ ಸುರಿದರು. ಮೊದಮೊದಲು ಸೀಸ, ತವರದಂಥ ಲೋಹಗಳನ್ನು ಬಳಸುತ್ತಿದ್ದರು. ಆಮೇಲೆ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಅವರ ಕನ್ನಡಿ ವಿಧಾನ ಬಳಕೆಗೆ ಬಂತು. ಸಿಲ್ವರ್ ನೈಟ್ರೇಟ್, ಅಮೋನಿಯಾ ಮತ್ತು ಸಕ್ಕರೆಯ ದ್ರಾವಣವನ್ನು ಗೋಳದೊಳಗೆ ಹಾಕಿ ಕುಲುಕಿದರೆ ಬೆಳ್ಳಿಯ ತೆಳು ಪದರ ಒಳಗೋಡೆಗೆ ಕೂರುತ್ತದೆ. ಮನೆಯ ಗಂಡಸರು ಊದಿದರೆ, ಹೆಂಗಸರು ಬೆಳ್ಳಿ ಹಾಕಿ ಬಣ್ಣ ಬಳಿಯುತ್ತಿದ್ದರು, ಮಕ್ಕಳೂ ದುಡಿಯುತ್ತಿದ್ದರು. 1880ರ ದಶಕದಲ್ಲಿ ಅಮೆರಿಕದ ವರ್ತಕ ಎಫ್. ಡಬ್ಲ್ಯು. ವೂಲ್‌ವರ್ತ್ ಈ ಗೋಳಗಳನ್ನು ತನ್ನ ಅಂಗಡಿಗಳಲ್ಲಿ ಮಾರಿ ಜಗತ್ತಿಗೆ ಪರಿಚಯಿಸಿದ.

ಪಾರದರ್ಶಕ ಗೋಳಕ್ಕೂ ಒಂದು ಚರಿತ್ರೆಯಿದೆ. 1939ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ವಿದ್ಯುತ್ ಬಲ್ಬು ತಯಾರಿಸುವ ಯಂತ್ರದಿಂದಲೇ ಗೋಳಗಳನ್ನು ತಯಾರಿಸತೊಡಗಿತು. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಯ ರಾಸಾಯನಿಕ ಸಿಗದಾದಾಗ ಒಳಲೇಪವಿಲ್ಲದ ಗೋಳಗಳಿಗೆ ನಾಲ್ಕು ಬಣ್ಣದ ಗೆರೆ ಎಳೆದು ಮಾರಿದರು. ಲೋಹದ ಮುಚ್ಚಳದ ಬದಲು ರಟ್ಟಿನ ಮುಚ್ಚಳ ಹಾಕಿದರು. ಅಂದಿನ ಆ ಬರಿ ಗೋಳ ಇಂದು ನಮ್ಮ ಕೈಕೆಲಸಕ್ಕೆ ಒದಗಿದೆ.

ಗ್ಲಿಟರ್ ಎಂದರೇನು?

ಹಿಂದೆ ಮಿನುಗಿಗಾಗಿ ಗಾಜಿನ ಪುಡಿ ಅಥವಾ ಕಾಗೆಬಂಗಾರ, ಅಂದರೆ ಅಭ್ರಕದ ಚೂರು ಬಳಸುತ್ತಿದ್ದರು. 1934ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಯಂತ್ರ ತಂತ್ರಜ್ಞ ಹೆನ್ರಿ ರಶ್‌ಮನ್ ಪ್ಲಾಸ್ಟಿಕ್ ಮುಂತಾದ ವಸ್ತುಗಳನ್ನು ಸಣ್ಣಗೆ ಕತ್ತರಿಸುವ ವಿಧಾನ ರೂಪಿಸಿದ ಮೇಲೆ ಇಂದಿನ ಗ್ಲಿಟರ್ ಹುಟ್ಟಿತೆನ್ನಲಾಗುತ್ತದೆ. ಈಗ ಮಾರುಕಟ್ಟೆಯಲ್ಲಿರುವ ಗ್ಲಿಟರ್‌ನ ಬಹುಪಾಲು ಅಲ್ಯೂಮಿನಿಯಂ ಲೇಪಿಸಿದ ತೆಳು ಪಾಲಿಯೆಸ್ಟರ್ ಹಾಳೆಯ ಚೂರು. ಐದು ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಗ್ಲಿಟರ್ ತಯಾರಾಗುವಾಗಲೇ ಮೈಕ್ರೋಪ್ಲಾಸ್ಟಿಕ್ ಆಗಿರುತ್ತದೆ.

ಬೇಕಾಗುವ ವಸ್ತುಗಳು

1. ಲೋಹದ ಮುಚ್ಚಳವಿರುವ ಪಾರದರ್ಶಕ ಗೋಳಗಳು, 6ರಿಂದ 8 ಸೆಂಟಿಮೀಟರ್ ಅಳತೆಯವು. ಹತ್ತು ವರ್ಷದೊಳಗಿನ ಮಕ್ಕಳಿಗೆ ಇದೇ ಆಕಾರದ ಪ್ಲಾಸ್ಟಿಕ್ ಗೋಳ ಕೊಡಿ, ವಿಧಾನ ಒಂದೇ.

2. ನೀರಿನಲ್ಲಿ ಕರಗುವ, ಒಣಗಿದಾಗ ಪಾರದರ್ಶಕವಾಗುವ ಅಕ್ರಿಲಿಕ್ ವಾರ್ನಿಷ್. ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಬಿಳಿ ಅಂಟನ್ನು ನೀರು ಬೆರೆಸಿ ಬಳಸಬಹುದು. ಆದರೆ ಗೆರೆಗೆರೆಯಾಗಿ ಒಣಗುತ್ತದೆ, ನಮ್ಮ ಕರಾವಳಿಯ ತೇವದಲ್ಲಿ ಮತ್ತೆ ಮೆತ್ತಗಾಗುತ್ತದೆ.

3. ಬಹಳ ನಯವಾದ ಗ್ಲಿಟರ್, ಇಲ್ಲವೇ ಮುತ್ತಿನ ಹೊಳಪಿನ ಅಭ್ರಕದ ಬಣ್ಣದ ಪುಡಿ. ದಪ್ಪ ಗ್ಲಿಟರ್ ಒಳಗೋಡೆಗೆ ಸಮನಾಗಿ ಕೂರುವುದಿಲ್ಲ.

4. ಕಾಗದದ ಆಲಿಕೆ, ಕಾಗದದ ಲೋಟಗಳು, ಹಳೆಯ ಪತ್ರಿಕೆ, ಮೂಗುಬಾಯಿಗೆ ಮಾಸ್ಕ್, ಒದ್ದೆ ಬಟ್ಟೆ.

ಮಾಡುವ ಕ್ರಮ

ಮೊದಲು ಫ್ಯಾನ್ ನಿಲ್ಲಿಸಿ. ಮುಚ್ಚಳವನ್ನು ತಿರುಗಿಸದೆ, ಒಳಗಿನ ತಂತಿಯನ್ನು ಒತ್ತಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಗೋಳದ ಕುತ್ತಿಗೆಯ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಈ ಕೆಲಸವನ್ನು ದೊಡ್ಡವರೇ ಮಾಡಲಿ. ಒಳಗೆ ಸ್ವಲ್ಪ ನೀರು ಹಾಕಿ ತೊಳೆದು, ಲೋಟದ ಮೇಲೆ ಬೋರಲು ಹಾಕಿ ಪೂರ್ತಿ ಒಂದು ದಿನ ಒಣಗಲು ಬಿಡಿ. ಒಳಗೆ ತೇವ ಉಳಿದರೆ ಆ ಜಾಗದಲ್ಲಿ ಪುಡಿ ಗಂಟುಕಟ್ಟುತ್ತದೆ.

ಮರುದಿನ ಒಂದು ಚಹಾ ಚಮಚದಷ್ಟು ವಾರ್ನಿಷನ್ನು ಒಳಗೆ ಹಾಕಿ, ಗೋಳವನ್ನು ನಿಧಾನವಾಗಿ ತಿರುಗಿಸುತ್ತಾ ಒಳಗೋಡೆ ಪೂರ್ತಿ ನೆನೆಯುವಂತೆ ಮಾಡಿ. ಜೋರಾಗಿ ಕುಲುಕಿದರೆ ಗುಳ್ಳೆ ಏಳುತ್ತದೆ. ನಂತರ ಗೋಳವನ್ನು ಬೋರಲು ಇಟ್ಟು ಹೆಚ್ಚಿನ ವಾರ್ನಿಷ್ ಸೋರಿ ಹೋಗಲು ಎರಡು ಮೂರು ನಿಮಿಷ ಬಿಡಿ. ಈ ಹಂತದಲ್ಲಿ ಆತುರಪಟ್ಟರೆ ಕೆಳಗೆ ಅಂಟು ನಿಂತು, ಪುಡಿಯೆಲ್ಲ ಅಲ್ಲಿಯೇ ಕೆಸರಾಗುತ್ತದೆ.

ಈಗ ಆಲಿಕೆಯ ಮೂಲಕ ಅರ್ಧ ಚಮಚ ಪುಡಿ ಹಾಕಿ. ಬಾಯಿಗೆ ಕಾಗದದ ತುಂಡು ಒತ್ತಿ ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿ. ಗೋಡೆ ತುಂಬಿದ ಮೇಲೆ ಉಳಿದ ಪುಡಿಯನ್ನು ಪತ್ರಿಕೆಯ ಮೇಲೆ ಸುರಿದು ಮತ್ತೆ ಡಬ್ಬಿಗೆ ಹಾಕಿ. ಅದು ಮುಂದಿನ ಗೋಳಕ್ಕೆ ಆಗುತ್ತದೆ. ಎರಡು ಬಣ್ಣ ಬೇಕಿದ್ದರೆ ಮೊದಲ ಬಣ್ಣವನ್ನು ಗೋಳದ ಒಂದು ಬದಿಗೆ ಮಾತ್ರ ತಾಗಿಸಿ, ಉಳಿದದ್ದನ್ನು ಹೊರ ಸುರಿದು, ಎರಡನೆಯದನ್ನು ಹಾಕಿ. ಬೋರಲಾಗಿಯೇ ಒಂದು ರಾತ್ರಿ ಒಣಗಿಸಿ, ಮುಚ್ಚಳ ಹಾಕಿದರೆ ಗೋಳ ಸಿದ್ಧ. ಹೊರಗಿನ ಗಾಜು ನುಣುಪಾಗಿಯೇ ಇರುವುದರಿಂದ ಬೆಳಕು ಬಿದ್ದಾಗ ಬಣ್ಣಕ್ಕೆ ಆಳ ಬರುತ್ತದೆ. ಹೊರಗೆ ಅಂಟಿಸಿದ ಗ್ಲಿಟರ್‌ಗೆ ಈ ಆಳ ಇರುವುದಿಲ್ಲ.

ಕೆಲವರು ಗೋಳವನ್ನು ಬಣ್ಣದ ಮರಳಿನಿಂದ ಪದರ ಪದರವಾಗಿ ತುಂಬುತ್ತಾರೆ. ನೋಡಲು ಚೆನ್ನ, ಆದರೆ ಭಾರ. 8 ಸೆಂಟಿಮೀಟರ್ ಗೋಳದ ಅರ್ಧ ಭಾಗ ಮರಳು ತುಂಬಿದರೆ ಸುಮಾರು 200 ಗ್ರಾಂ ತೂಗುತ್ತದೆ. ಕೊಂಬೆ ಬಾಗುತ್ತದೆ, ತಂತಿಯ ಮುಚ್ಚಳ ಕಳಚಿ ಬೀಳುತ್ತದೆ. ಇಂಥ ಗೋಳವನ್ನು ತೂಗುಹಾಕದೆ ಮೇಜಿನ ಮೇಲೆ ಇಡುವುದು ಲೇಸು.

ಯಾವ ಪುಡಿ ಬೇಡ?

ಉಪ್ಪಿಗೆ ಬಣ್ಣ ಹಾಕಿ ತುಂಬಿದರೆ ಗಾಳಿಯ ತೇವ ಹೀರಿ ಬೆವರುತ್ತದೆ. ಸಕ್ಕರೆಗೆ ಇರುವೆ ಬರುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ರಂಗೋಲಿ ಪುಡಿ ಕಲ್ಲಿನ ಪುಡಿಯಾದ್ದರಿಂದ ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಳಸಲೇಬೇಕಿದ್ದರೆ ದೊಡ್ಡವರು ಮಾಸ್ಕ್ ಧರಿಸಿ ಬಳಸಲಿ. ಬಣ್ಣದ ಅಂಗಡಿಯಲ್ಲಿ ಸಿಗುವ ಬೆಳ್ಳಿ ಪುಡಿ ನಿಜವಾಗಿ ಅಲ್ಯೂಮಿನಿಯಂ, ಚಿನ್ನದ ಪುಡಿ ತಾಮ್ರ ಮತ್ತು ಸತು. ಇವು ಮಕ್ಕಳ ಮೂಗಿಗೆ ಹೋದರೆ ಅಪಾಯ. ಗಾಳಿಯಲ್ಲಿ ಹಾರಿದ ಅಲ್ಯೂಮಿನಿಯಂ ಪುಡಿ ಮೇಣದಬತ್ತಿಯ ಜ್ವಾಲೆಗೆ ತಾಗಿದರೆ ಭಗ್ಗನೆ ಉರಿಯುತ್ತದೆ. ಕಡುಹಳದಿ ಮತ್ತು ಕಿತ್ತಳೆ ಬಣ್ಣದ ಕೆಲವು ಅಗ್ಗದ ಕೈಗಾರಿಕಾ ಪುಡಿಗಳಲ್ಲಿ ಸೀಸವಿರುತ್ತದೆ. ಹೆಸರು, ವಿವರ ಇಲ್ಲದ ಪೊಟ್ಟಣದ ಪುಡಿಯನ್ನು ಕೊಳ್ಳಬೇಡಿ.

ಲೌಶಾದ ಬೆಳ್ಳಿ ಲೇಪವನ್ನು ಮನೆಯಲ್ಲಿ ಪ್ರಯತ್ನಿಸಲೇಬಾರದು. ಆ ದ್ರಾವಣ ಚರ್ಮವನ್ನು ಕಪ್ಪಾಗಿಸುತ್ತದೆ, ಹಳೆಯದಾದರೆ ಸಿಡಿಯುವ ವಸ್ತುವಾಗಿ ಮಾರ್ಪಡಬಹುದು.

ಅಭ್ರಕದ ಪುಡಿ ಪ್ಲಾಸ್ಟಿಕ್ ಅಲ್ಲವೆಂಬುದು ನಿಜ. ಆದರೆ ಜಾರ್ಖಂಡ್‌ನ ಕೊಡೆರ್ಮಾ ಮತ್ತು ಗಿರಿಡೀಹ್ ಜಿಲ್ಲೆಗಳ ಗಣಿಗಳಲ್ಲಿ ಮಕ್ಕಳು ಅಭ್ರಕದ ಚೂರು ಆಯುತ್ತಿರುವುದು ಹಲವು ಬಾರಿ ವರದಿಯಾಗಿದೆ. ಪ್ರಯೋಗಾಲಯದಲ್ಲಿ ತಯಾರಿಸಿದ ಕೃತಕ ಅಭ್ರಕವೂ ಲಭ್ಯವಿದೆ. ಕೊಳ್ಳುವಾಗ ಕೇಳಿ ನೋಡಿ. ಬಾಲಯೇಸುವಿನ ಹಬ್ಬದ ಹೊಳಪಿಗೆ ಬೇರೆ ಮಗುವೊಂದು ಬೆಲೆ ತೆರಬಾರದು.

ಮಕ್ಕಳು, ಗೋದಲಿ ಮತ್ತು ಕಡಲು

ಹೊರಗೆ ಅಂಟಿಸಿದ ಗ್ಲಿಟರ್ ಉದುರುತ್ತಲೇ ಇರುತ್ತದೆ. ಗೋದಲಿಯ ಹುಲ್ಲಿಗೆ, ಮಗುವಿನ ಕೈಗೆ, ಆ ಕೈಯಿಂದ ಕಣ್ಣಿಗೆ, ಕುಸ್ವಾರ್ ತಟ್ಟೆಗೆ ಸೇರುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು, ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ಹಬ್ಬ ಮುಗಿದ ಮೇಲೆ ಚರ್ಚಿನ ನೆಲ ತೊಳೆದ ನೀರು ಚರಂಡಿಗೆ, ಅಲ್ಲಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ನಮ್ಮ ಧರ್ಮಕೇಂದ್ರಗಳ ಅದೆಷ್ಟೋ ಕುಟುಂಬಗಳ ಅನ್ನ ಆ ಕಡಲಿನಲ್ಲೇ ಇದೆ. ಯೂರೋಪಿಯನ್ ಒಕ್ಕೂಟವು 2023ರ ಅಕ್ಟೋಬರ್ 17ರಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟದ ಮೇಲೆ ನಿರ್ಬಂಧ ಹೇರಿದೆ. ಗಮನಿಸಬೇಕಾದ ಸಂಗತಿಯೆಂದರೆ, ಹೊರಬರದಂತೆ ವಸ್ತುವಿನೊಳಗೆ ಮುಚ್ಚಿಟ್ಟ ಗ್ಲಿಟರ್‌ಗೆ ಅಲ್ಲಿ ವಿನಾಯಿತಿ ಇದೆ. ಒಳಗಿನಿಂದ ಬಣ್ಣ ಹಾಕುವ ನಮ್ಮ ವಿಧಾನದ ತರ್ಕವೂ ಇದೇ. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಪ್ಲಾಸ್ಟಿಕ್ ಬಳಕೆ ತಗ್ಗಿಸುವಂಥ ದಿನನಿತ್ಯದ ಚಿಕ್ಕ ಕೆಲಸಗಳೂ ಸೃಷ್ಟಿಯ ಕಾಳಜಿಯೇ ಎಂದು ನೆನಪಿಸಿದ್ದಾರೆ.

ಆದ್ದರಿಂದ ಕೆಲಸ ಮುಗಿದ ಮೇಲೆ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆಲಿಕೆ, ಲೋಟಗಳನ್ನು ಸಿಂಕಿನಲ್ಲಿ ತೊಳೆಯಬೇಡಿ. ಒಣಗಿಸಿ ಒಣ ಕಸಕ್ಕೆ ಹಾಕಿ. ಉಳಿದ ವಾರ್ನಿಷನ್ನೂ ಚರಂಡಿಗೆ ಸುರಿಯಬೇಡಿ. ಗೋಳಗಳನ್ನು ಮರದ ಮೇಲ್ಭಾಗದ ಕೊಂಬೆಗಳಿಗೆ, ಚಿಕ್ಕ ಮಕ್ಕಳ ಕೈಗೆಟುಕದಂತೆ ಕಟ್ಟಿ. ಗೋದಲಿಯ ಹುಲ್ಲಿನ ಮೇಲೆ ತೂಗುಹಾಕಬೇಡಿ. ಒಡೆದ ಗಾಜು ಹುಲ್ಲಿನಲ್ಲಿ ಕಾಣುವುದಿಲ್ಲ, ಮಂಡಿಯೂರಿದವರಿಗೆ ಚುಚ್ಚುತ್ತದೆ. ಒಡೆದ ಗೋಳವನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆದು ಕೊಡಿ. ಕಸ ಆಯುವವರ ಕೈಯೂ ಕೈಯೇ.

ಹಬ್ಬದ ನಂತರ ಗೋಳಗಳನ್ನು ಮೊಟ್ಟೆಯ ಟ್ರೇಗಳಲ್ಲಿ ಕಾಗದ ಸುತ್ತಿ, ಮಳೆಗಾಲದ ತೇವ ತಾಗದ ಕಡೆ ಇಟ್ಟರೆ ಹಲವು ಕ್ರಿಸ್ಮಸ್‌ಗಳಿಗೆ ಬರುತ್ತವೆ. ಧರ್ಮೋಪದೇಶ ತರಗತಿಯಲ್ಲಿ ಪ್ರತಿ ಮಗುವೂ ಒಂದು ಗೋಳ ಮಾಡಿ ಮುಚ್ಚಳಕ್ಕೆ ತನ್ನ ಹೆಸರಿನ ಚೀಟಿ ಕಟ್ಟಲಿ. ಮುಂದಿನ ವರ್ಷ ಅದನ್ನು ತಾನೇ ಮರಕ್ಕೆ ತೂಗುಹಾಕಲಿ. ಸರ್ವರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.