ಮೇಜು ಗರಗಸದಲ್ಲಿ ಮರ ಕೊಯ್ಯುವಾಗ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಮರಗೆಲಸದ ಘಟಕವನ್ನು ಪ್ರಾರಂಭಿಸಲು ವಿದ್ಯುತ್ ಸಂಪರ್ಕ, ಪರವಾನಗಿ ಅಥವಾ ನೋಂದಣಿ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರು, ಘಟಕಗಳ ಮಾಲೀಕರು ಹಾಗೂ ಬಡಗಿಗಳ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಾಗಿಲು, ಕಿಟಕಿ ಮತ್ತು ಪೀಠೋಪಕರಣ ತಯಾರಿಸುವ ಪ್ರತಿಯೊಂದು ಸಣ್ಣ ಘಟಕದಲ್ಲಿಯೂ ಸಾಮಾನ್ಯವಾಗಿ ಕಂಡುಬರುವ, ಆಡುಮಾತಿನಲ್ಲಿ ಸರ್ಕ್ಯುಲರ್ ಸಾ ಅಥವಾ ಕಟಿಂಗ್ ಮಿಷನ್ ಎಂದು ಕರೆಯಲ್ಪಡುವ ಮೇಜು ಗರಗಸಕ್ಕೆ ಈ ಸೂಚನೆಗಳು ಅನ್ವಯಿಸುತ್ತವೆ.

ಯಂತ್ರದ ವೇಗ

ಮೇಜಿನ ಸೀಳಿನಿಂದ ಮೇಲಕ್ಕೆ ಚಾಚಿಕೊಂಡಿರುವ ದುಂಡನೆಯ ಬ್ಲೇಡು ಸ್ಥಿರವಾಗಿ ಒಂದೆಡೆ ತಿರುಗುತ್ತಿರುತ್ತದೆ. ಮರವನ್ನು ಕೈಯಿಂದ ಅದರತ್ತ ತಳ್ಳಲಾಗುತ್ತದೆ. ಕೈಗರಗಸದಲ್ಲಿ ಬಡಗಿಯು ನಿಲ್ಲಿಸಿದರೆ ಗರಗಸವೂ ನಿಲ್ಲುತ್ತದೆ. ಇಲ್ಲಿ ಹಾಗಿಲ್ಲ. 10 ಅಂಗುಲದ, ಅಂದರೆ 250 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ವೇಗದಲ್ಲಿ ಚಲಿಸುತ್ತವೆ. 40 ಹಲ್ಲುಗಳ ಬ್ಲೇಡಾದರೆ ಒಂದು ಸೆಕೆಂಡಿನಲ್ಲಿ 2,000 ಹಲ್ಲುಗಳು ಒಂದೇ ಬಿಂದುವನ್ನು ಹಾದುಹೋಗುತ್ತವೆ. ಕೈಗೆ ತಾಗಿತೆಂದು ತಿಳಿದು ಹಿಂದೆಗೆಯುವಷ್ಟರಲ್ಲಿ, ಅದು ಸೆಕೆಂಡಿನ ಐದನೆಯ ಒಂದು ಭಾಗವೇ ಆಗಿರಲಿ, 400 ಹಲ್ಲುಗಳು ದಾಟಿರುತ್ತವೆ. ಆದ್ದರಿಂದ ಅನುಭವ ಮತ್ತು ಚುರುಕುತನವನ್ನು ರಕ್ಷಣೆಯೆಂದು ಪರಿಗಣಿಸಲಾಗದು. ಇಪ್ಪತ್ತು ವರ್ಷದ ಅನುಭವವಿರುವ ಬಡಗಿಗೂ ಈ ಲೆಕ್ಕ ಬದಲಾಗುವುದಿಲ್ಲ.

ಮರವು ಹಿಂದಕ್ಕೆ ಚಿಮ್ಮುವುದು

ಮೇಜು ಗರಗಸದ ಅಪಾಯವೆಂದರೆ ಬೆರಳು ಬ್ಲೇಡಿಗೆ ತಾಗುವುದು ಮಾತ್ರ ಎಂಬ ತಿಳಿವಳಿಕೆ ಅನೇಕರಲ್ಲಿದೆ. ಆದರೆ ಬೆರಳು ತಾಗುವುದಕ್ಕೆ ಮೂಲ ಕಾರಣವು ಹಲವು ಸಂದರ್ಭಗಳಲ್ಲಿ ಮರವು ಹಿಂದಕ್ಕೆ ಚಿಮ್ಮುವುದೇ ಆಗಿರುತ್ತದೆ. ಇದು ಹೇಗೆ ಸಂಭವಿಸುತ್ತದೆ ಎಂಬುದನ್ನು ಕೆಲಸಗಾರರು ಅರಿತಿರುವುದು ಅವಶ್ಯಕ.

ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಮುಖವಾಗಿ ಇಳಿಯುತ್ತಾ ಮರವನ್ನು ಮೇಜಿಗೆ ಒತ್ತಿ ಕೊಯ್ಯುತ್ತವೆ. ಹಿಂಭಾಗದ ಹಲ್ಲುಗಳು ಮೇಲ್ಮುಖವಾಗಿ ಏಳುತ್ತಿರುತ್ತವೆ. ಕೊಯ್ದ ಸಂದು ಯಾವುದೇ ಕಾರಣದಿಂದ ಮುಚ್ಚಿಕೊಂಡು ಬ್ಲೇಡನ್ನು ಬಿಗಿಹಿಡಿದಲ್ಲಿ, ಹಿಂಭಾಗದ ಹಲ್ಲುಗಳು ಮರವನ್ನು ಎತ್ತಿ ಬ್ಲೇಡಿನ ಮೇಲಿಂದ ಕೆಲಸಗಾರನತ್ತ ಎಸೆಯುತ್ತವೆ. ಎಸೆತದ ವೇಗವು ಹಲ್ಲುಗಳ ವೇಗವನ್ನು ಸಮೀಪಿಸಬಹುದು. ಹೊಟ್ಟೆಗೆ ಅಥವಾ ಎದೆಗೆ ಬಡಿದರೆ ಒಳಗಾಯವಾಗುತ್ತದೆ. ಅದೇ ಕ್ಷಣದಲ್ಲಿ, ಮರವನ್ನು ಒತ್ತಿಹಿಡಿದಿದ್ದ ಕೈ ಆಧಾರ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ.

ಸಂದು ಮುಚ್ಚಿಕೊಳ್ಳಲು ಮರದ ಸ್ವಭಾವವೂ ಕಾರಣವಾಗುತ್ತದೆ. ನೀಲಗಿರಿ ಮರವು ಬೆಳೆಯುವಾಗಲೇ ತನ್ನೊಳಗೆ ಬಿಗುವನ್ನು ಕೂಡಿಟ್ಟುಕೊಂಡಿರುತ್ತದೆ. ಸೀಳಿದೊಡನೆ ಹಲಗೆಯ ಎರಡು ಭಾಗಗಳು ಒಳಕ್ಕೋ ಹೊರಕ್ಕೋ ಬಾಗುತ್ತವೆ. ಸರಿಯಾಗಿ ಒಣಗದ ಸಿಲ್ವರ್ ಓಕ್ ಅಥವಾ ಹಲಸು, ಗಂಟುಗಳಿರುವ ಹಾಗೂ ತಿರುಚಿಕೊಂಡ ಹಲಗೆ ಇವುಗಳಲ್ಲಿಯೂ ಇದೇ ತೊಂದರೆ ಇರುತ್ತದೆ. ಅಳತೆಗೆ ಆಧಾರವಾಗಿ ಮೇಜಿನ ಮೇಲೆ ಜೋಡಿಸುವ ಗೈಡು ಬ್ಲೇಡಿಗೆ ಸಮಾನಾಂತರವಾಗಿರದೆ ಹಿಂತುದಿಯಲ್ಲಿ ಒಳಕ್ಕೆ ವಾಲಿದ್ದರೂ ಮರವು ಬ್ಲೇಡಿಗೆ ಒತ್ತಿಕೊಳ್ಳುತ್ತದೆ. ಪ್ರತಿದಿನ ಕೆಲಸ ಪ್ರಾರಂಭಿಸುವ ಮುನ್ನ ಬ್ಲೇಡಿನ ಮುಂಭಾಗ ಹಾಗೂ ಹಿಂಭಾಗಗಳಿಂದ ಗೈಡಿಗೆ ಇರುವ ದೂರವನ್ನು ಅಳೆದು ನೋಡತಕ್ಕದ್ದು. ಈ ಕೆಲಸಕ್ಕೆ ಒಂದು ನಿಮಿಷವೂ ಬೇಕಾಗುವುದಿಲ್ಲ.

ಗೈಡಿನ ಆಧಾರವಿಲ್ಲದೆ ಬರಿಗೈಯಲ್ಲಿ ಮರವನ್ನು ತಳ್ಳಬಾರದು. ಚಿಕ್ಕ ತುಂಡುಗಳನ್ನು ಅಡ್ಡಕ್ಕೆ ಕತ್ತರಿಸುವಾಗ ಗೈಡನ್ನೇ ಅಳತೆಗೆ ತಡೆಯಾಗಿ ಬಳಸುವ ರೂಢಿ ಹಲವೆಡೆ ಇದ್ದು, ಇದನ್ನು ಕೈಬಿಡತಕ್ಕದ್ದು. ಕತ್ತರಿಸಿದ ತುಂಡು ಗೈಡು ಮತ್ತು ಬ್ಲೇಡಿನ ನಡುವೆ ಸಿಕ್ಕಿ, ಓರೆಯಾಗಿ, ಚಿಮ್ಮುತ್ತದೆ. ಕೆಲಸಗಾರನು ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಆ ನೇರದಲ್ಲಿ ಹಿಂದೆ ಬೇರೆ ಯಾರೂ, ಚಹಾ ತಂದ ಹುಡುಗನೂ ಸೇರಿದಂತೆ, ನಿಂತಿರಬಾರದು. ಉದ್ದನೆಯ ಹಲಗೆಯನ್ನು ಆಚೆ ಬದಿಯಲ್ಲಿ ಹಿಡಿಯುವ ಸಹಾಯಕನು ಅದನ್ನು ಆಧರಿಸಬೇಕೇ ಹೊರತು ಎಳೆಯಬಾರದು. ಎಳೆದಲ್ಲಿ ತಳ್ಳುವವನ ಕೈ ಅರಿವಿಲ್ಲದಂತೆ ಬ್ಲೇಡಿನತ್ತ ಸಾಗುತ್ತದೆ.

ರಕ್ಷಣಾ ಸಾಧನಗಳು

ಬ್ಲೇಡಿನ ಹಿಂದೆ, ಅದರ ನೇರದಲ್ಲಿಯೇ, ರಿವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿಯನ್ನು ಅಳವಡಿಸಿರಬೇಕು. ಕೊಯ್ದ ಸಂದಿನೊಳಗೆ ಇದು ನಿಂತು, ಸಂದು ಮುಚ್ಚದಂತೆ ತಡೆಯುತ್ತದೆ. ಇದರ ದಪ್ಪವು ಬ್ಲೇಡಿನ ತಟ್ಟೆಗಿಂತ ಹೆಚ್ಚಾಗಿಯೂ ಹಲ್ಲುಗಳು ಕೊಯ್ಯುವ ಅಗಲಕ್ಕಿಂತ ಕಡಿಮೆಯಾಗಿಯೂ ಇರಬೇಕು. ಮೇಜಿನ ಮಟ್ಟದಲ್ಲಿ ಬ್ಲೇಡಿನ ಹಲ್ಲಿಗೂ ಇದಕ್ಕೂ ನಡುವೆ 10 ಮಿ.ಮೀ.ಗಿಂತ ಹೆಚ್ಚಿನ ಅಂತರವಿರಬಾರದು. ಸ್ಥಳೀಯ ಲೇತ್ ಅಂಗಡಿಗಳಲ್ಲಿ ಮಾಡಿಸಿದ ಯಂತ್ರಗಳಲ್ಲಿ ಇದು ಇರುವುದೇ ವಿರಳ. ಖರೀದಿಸುವ ಮುನ್ನವೇ ಕೇಳಿ ಹಾಕಿಸಿಕೊಳ್ಳುವುದು ಸೂಕ್ತ. ಇದೊಂದನ್ನು ಹಾಕಿಸಿದರೂ ಮೇಲೆ ವಿವರಿಸಿದ ಅಪಾಯದ ಬಹುಪಾಲು ತಗ್ಗುತ್ತದೆ.

ಬ್ಲೇಡಿನ ಮೇಲ್ಭಾಗವನ್ನು ಮುಚ್ಚುವ ಕವಚವು ಮರದ ದಪ್ಪಕ್ಕೆ ತಕ್ಕಂತೆ ಏರಿಳಿಯುವಂತಿರಬೇಕು. ಮೇಜಿನ ಕೆಳಗಿರುವ ಬ್ಲೇಡಿನ ಭಾಗ ಹಾಗೂ ಬೆಲ್ಟ್‌ಗಳಿಗೂ ತಗಡಿನ ಮರೆ ಇರತಕ್ಕದ್ದು. ಕವಚದಿಂದ ಗೆರೆ ಕಾಣುವುದಿಲ್ಲ, ಕೆಲಸ ನಿಧಾನವಾಗುತ್ತದೆ ಎಂದು ಅದನ್ನು ಕಳಚಿ ಮೂಲೆಗೆ ಇಡುವುದು ಸರ್ವೇಸಾಮಾನ್ಯ. ಈ ನಿಧಾನದ ಬೆಲೆಯನ್ನು ಲೆಕ್ಕ ಹಾಕುವ ಮಾಲೀಕರು ಇನ್ನೊಂದು ಲೆಕ್ಕವನ್ನೂ ಗಮನಿಸಬಹುದು. 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಪೂರ್ತಿ ಹೋದರೆ ಶೇಕಡಾ 30ರಷ್ಟು, ತೋರುಬೆರಳು ಪೂರ್ತಿ ಹೋದರೆ ಶೇಕಡಾ 14ರಷ್ಟು ದುಡಿಮೆಯ ಶಕ್ತಿ ನಷ್ಟವಾದಂತೆ ಪರಿಗಣಿಸಲಾಗಿತ್ತು. ಬಡಗಿಯ ಮಟ್ಟಿಗೆ ಉಳಿಯ ಹಿಡಿತವೇ ಹೋದರೆ ನಷ್ಟವು ಆ ಶೇಕಡಾವಾರಿಗೆ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಕೈ ಮತ್ತು ಬ್ಲೇಡಿನ ನಡುವೆ ಕನಿಷ್ಠ 15 ಸೆಂ.ಮೀ. ಅಂತರ ಇರಬೇಕು. ಅದಕ್ಕಿಂತ ಕಿರಿದಾದ ಪಟ್ಟಿಗಳನ್ನು ಸೀಳುವಾಗ ತುದಿಯಲ್ಲಿ ಕಚ್ಚು ತೆಗೆದ ತಳ್ಳುಕೋಲನ್ನು ಬಳಸತಕ್ಕದ್ದು. ಉಳಿಕೆ ಪ್ಲೈವುಡ್ಡಿನಿಂದ ಇದನ್ನು ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಎರಡು ಮೂರು ಕೋಲುಗಳನ್ನು ಮಾಡಿ ಮೇಜಿಗೇ ತೂಗುಹಾಕಿರಬೇಕು. ಹುಡುಕಬೇಕಾದ ಕೋಲನ್ನು ಯಾರೂ ಬಳಸುವುದಿಲ್ಲ.

ಬ್ಲೇಡು

ಬ್ಲೇಡಿನ ಮೇಲೆ ನಮೂದಿಸಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಹೆಚ್ಚಾಗಿರಬೇಕು. ಬೆಲ್ಟಿನಿಂದ ಓಡುವ ಯಂತ್ರದಲ್ಲಿ ವೇಗವು ಪುಲ್ಲಿಗಳ ಅಳತೆಯನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ, 1,440 ಸುತ್ತಿನ ಮೋಟಾರಿಗೆ 6 ಅಂಗುಲದ ಪುಲ್ಲಿ, ಬ್ಲೇಡಿನ ದಂಡಕ್ಕೆ 3 ಅಂಗುಲದ ಪುಲ್ಲಿ ಇದ್ದರೆ ಬ್ಲೇಡು 2,880 ಸುತ್ತು ತಿರುಗುತ್ತದೆ; ದಂಡದ ಪುಲ್ಲಿಯನ್ನು ಎರಡೂವರೆ ಅಂಗುಲಕ್ಕೆ ಬದಲಾಯಿಸಿದರೆ 3,456 ಆಗುತ್ತದೆ. ಬ್ಲೇಡಿನ ಎತ್ತರವನ್ನು ಮರದ ಮೇಲ್ಮೈಗಿಂತ ಸುಮಾರು 3ರಿಂದ 6 ಮಿ.ಮೀ. ಮಾತ್ರ ಮೇಲಿರುವಂತೆ ಹೊಂದಿಸಬೇಕು. ಮೊಂಡಾದ ಬ್ಲೇಡಿಗೆ ಹೆಚ್ಚು ಬಲ ಹಾಕಿ ತಳ್ಳಬೇಕಾಗುವುದರಿಂದ ಅದು ಹರಿತವಾದ ಬ್ಲೇಡಿಗಿಂತ ಅಪಾಯಕಾರಿ. ಹಳೆಯ ಮನೆಯ ತೊಲೆ, ಬಾಗಿಲುಗಳ ಮರವನ್ನು ಕೊಯ್ಯುವ ಮುನ್ನ ಮೊಳೆಗಳನ್ನು ಹುಡುಕಿ ಕೀಳತಕ್ಕದ್ದು.

ವಿದ್ಯುತ್ ಮತ್ತು ಸ್ಟಾರ್ಟರ್

ಕೆಲಸದ ನಡುವೆ ಕರೆಂಟ್ ಹೋಗುವುದು, ಎಲ್ಲರೂ ಎದ್ದು ಹೊರಗೆ ಬರುವುದು, ಯಂತ್ರದ ಸ್ವಿಚ್ಚು ಆನ್ ಆಗಿಯೇ ಉಳಿಯುವುದು ಗ್ರಾಮಾಂತರ ಪ್ರದೇಶಗಳಲ್ಲಿ ನಿತ್ಯದ ಸಂಗತಿ. ಸಿಕ್ಕಿಕೊಂಡ ಚೂರನ್ನು ತೆಗೆಯಲು ಯಾರಾದರೂ ಬ್ಲೇಡಿಗೆ ಕೈ ಹಾಕಿದಾಗ ಕರೆಂಟ್ ಮರಳಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಆದುದರಿಂದ ಯಂತ್ರವನ್ನು ಸಾಮಾನ್ಯ ಸ್ವಿಚ್ಚಿಗಾಗಲಿ ಮೇನ್ ಸ್ವಿಚ್ಚಿಗಾಗಲಿ ನೇರವಾಗಿ ಜೋಡಿಸಬಾರದು. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರನ್ನೇ ಬಳಸತಕ್ಕದ್ದು. ಕರೆಂಟ್ ಹೋದೊಡನೆ ಇದು ತಾನಾಗಿ ಬಿಟ್ಟುಕೊಳ್ಳುತ್ತದೆ. ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಯಂತ್ರ ಓಡುವುದಿಲ್ಲ. ಪದೇ ಪದೇ ಒತ್ತುವುದು ಬೇಸರವೆಂದು ಗುಂಡಿಗೆ ಚಕ್ಕೆ ಸಿಕ್ಕಿಸಿಡುವುದು ಸ್ಟಾರ್ಟರನ್ನು ತೆಗೆದುಹಾಕಿದಂತೆಯೇ ಸರಿ. ನಿಲ್ಲಿಸುವ ಕೆಂಪು ಗುಂಡಿಯು ದೊಡ್ಡದಾಗಿದ್ದು, ಎರಡೂ ಕೈಗಳು ಮರದ ಮೇಲಿರುವಾಗ ಮೊಣಕಾಲಿನಿಂದಲಾದರೂ ಒತ್ತುವಂತಿರಬೇಕು. ಯಂತ್ರದ ದೇಹಕ್ಕೆ ಅರ್ಥಿಂಗ್ ಕಡ್ಡಾಯ. ಬ್ಲೇಡು ಬದಲಿಸುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡತಕ್ಕದ್ದು. ಆಫ್ ಮಾಡಿದ ನಂತರವೂ ಬ್ಲೇಡು ಕೆಲಕಾಲ ತಿರುಗುತ್ತಿರುತ್ತದೆ. ಅದನ್ನು ಮರದ ತುಂಡಿನಿಂದ ಒತ್ತಿ ನಿಲ್ಲಿಸಬಾರದು.

ತಲೆಕೆಳಗಾಗಿ ಜೋಡಿಸಿದ ಕೈಯಂತ್ರಗಳು

ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ಮಾರ್ಬಲ್ ಕಟರಿಗೆ ಮರದ ಬ್ಲೇಡು ಹಾಕಿ, ಪ್ಲೈವುಡ್ ಹಲಗೆಯ ಅಡಿಯಲ್ಲಿ ತಲೆಕೆಳಗಾಗಿ ಬಿಗಿದು, ಗುಂಡಿಯನ್ನು ತಂತಿಯಿಂದ ಕಟ್ಟಿ ಮೇಜು ಗರಗಸದಂತೆ ಬಳಸುವುದು ಕಂಡುಬರುತ್ತದೆ. ಈ ಯಂತ್ರಗಳ ವೇಗ ನಿಮಿಷಕ್ಕೆ 12,000 ಸುತ್ತುಗಳ ಆಸುಪಾಸಿನಲ್ಲಿದ್ದು, ಇವುಗಳಿಗೆ ರಿವಿಂಗ್ ನೈಫ್ ಆಗಲಿ, ಕವಚವಾಗಲಿ, ಕರೆಂಟ್ ಹೋದಾಗ ಬಿಟ್ಟುಕೊಳ್ಳುವ ವ್ಯವಸ್ಥೆಯಾಗಲಿ ಇರುವುದಿಲ್ಲ. ಇದನ್ನು ಸುರಕ್ಷಿತಗೊಳಿಸುವ ವಿಧಾನವನ್ನು ಇಲ್ಲಿ ತಿಳಿಸಲಾಗಿಲ್ಲ, ಹಾಗೆ ಬಳಸಲೇಬಾರದು.

ಉಡುಪು, ಧೂಳು ಮತ್ತು ಶಬ್ದ

ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ, ಕೈಕಡಗ, ಮಣಿಕಟ್ಟಿನ ದಾರ, ದುಪಟ್ಟಾ, ಸೆರಗು ಇವು ಯಾವುವೂ ಬ್ಲೇಡಿನ ಬಳಿ ಇರಬಾರದು. ಕೈಗವಸನ್ನು ಧರಿಸಬಾರದು; ಹಲ್ಲಿಗೆ ಅದರ ಎಳೆ ಸಿಕ್ಕಿದರೆ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಅವಶ್ಯ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖಕ್ಕೆ ಸುತ್ತಿದ ಟವೆಲ್ ಸಣ್ಣ ಧೂಳನ್ನು ತಡೆಯುವುದಿಲ್ಲವಾದ್ದರಿಂದ ಎನ್-95 ಮಾಸ್ಕ್ ಬಳಸುವುದು ಒಳ್ಳೆಯದು.

ಗಾಯವಾದಲ್ಲಿ

ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಮೇಲಕ್ಕೆ ಎತ್ತಿಹಿಡಿದು, 108ಕ್ಕೆ ಕರೆ ಮಾಡಬೇಕು. ಅರಿಶಿನ, ಕಾಫಿಪುಡಿ, ಮರದ ಹೊಟ್ಟು ಇತ್ಯಾದಿಗಳನ್ನು ಗಾಯಕ್ಕೆ ಹಾಕಬಾರದು. ಬೆರಳು ತುಂಡಾಗಿದ್ದಲ್ಲಿ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡತಕ್ಕದ್ದು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಜೀವಕೋಶಗಳು ಸಾಯುತ್ತವೆ. ಹೀಗೆ ತಂಪಾಗಿಟ್ಟ ಬೆರಳನ್ನು ಸುಮಾರು 12 ಗಂಟೆಗಳವರೆಗೂ, ತಂಪಿಲ್ಲದಿದ್ದಲ್ಲಿ ಸುಮಾರು 6 ಗಂಟೆಗಳವರೆಗೂ ಮರುಜೋಡಣೆ ಮಾಡುವ ಸಾಧ್ಯತೆ ಇರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಸ್ರಾವವನ್ನು ನಿಲ್ಲಿಸಿದ ಕೂಡಲೇ ಈ ಶಸ್ತ್ರಚಿಕಿತ್ಸೆ ಎಲ್ಲಿ ಲಭ್ಯವಿದೆ ಎಂಬುದನ್ನು ವೈದ್ಯರಲ್ಲಿ ವಿಚಾರಿಸಬೇಕು.

ಅನುಮತಿ ಮತ್ತು ಹೊಣೆಗಾರಿಕೆ

ದಿಮ್ಮಿಗಳನ್ನು ಸೀಳುವ ಸಾಮಿಲ್ ನಡೆಸಲು ಅರಣ್ಯ ಇಲಾಖೆಯ ಪರವಾನಗಿ ಅವಶ್ಯಕ. ಪೀಠೋಪಕರಣ ಘಟಕದವರು ತಮ್ಮ ಯಂತ್ರಗಳ ವಿವರದೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ.

1948ರ ಕಾರ್ಖಾನೆಗಳ ಕಾಯ್ದೆಯಡಿ ವಿದ್ಯುತ್ ಬಳಸುವ ಘಟಕದಲ್ಲಿ 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಅದು ಕಾರ್ಖಾನೆಯೆನಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಈ ಸಂಖ್ಯೆ 20 ಆಗಿದೆ. ಇದರಿಂದ ಅನೇಕ ಸಣ್ಣ ಘಟಕಗಳು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. ಆದರೆ ನಾಲ್ಕು ಜನರ ಘಟಕದಲ್ಲಿಯೂ ಗರಗಸ ಅದೇ ಗರಗಸವಾಗಿರುವುದರಿಂದ, ಮೇಲ್ಕಂಡ ಕ್ರಮಗಳನ್ನು ಕೆಲಸಗಾರರ ಸಂಖ್ಯೆಯನ್ನು ಲೆಕ್ಕಿಸದೆ ಪಾಲಿಸಬೇಕೆಂದು ಕೋರಲಾಗಿದೆ. 18 ವರ್ಷ ತುಂಬದವರನ್ನು, ಮನೆಯ ಮಕ್ಕಳೇ ಆಗಿದ್ದರೂ, ಈ ಯಂತ್ರದ ಮುಂದೆ ನಿಲ್ಲಿಸಬಾರದು.

ಸಂಹಿತೆ ಅನ್ವಯವಾಗುವ ಘಟಕಗಳಲ್ಲಿ ಅಪಘಾತದಿಂದ ಕೆಲಸಗಾರನು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬಾರದಂತಾದಲ್ಲಿ ಅದನ್ನು ನಿಗದಿತ ನಮೂನೆಯಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ತಿಳಿಸತಕ್ಕದ್ದು. ಗಾಯಗೊಂಡವರು ನೌಕರರ ರಾಜ್ಯ ವಿಮೆಗೆ ಒಳಪಟ್ಟಿದ್ದಲ್ಲಿ ಪರಿಹಾರವು ಆ ನಿಗಮದಿಂದ ದೊರೆಯುತ್ತದೆ. ಚಿಕಿತ್ಸೆಯ ದಾಖಲೆ, ಹಾಜರಿ ಹಾಗೂ ವೇತನದ ಚೀಟಿಗಳನ್ನು ಕೆಲಸಗಾರರು ಜೋಪಾನವಾಗಿ ಇಟ್ಟುಕೊಂಡಿರಬೇಕು. ವೇತನಕ್ಕೆ ಯಾವುದೇ ಬರಹದ ಆಧಾರವಿಲ್ಲದ ಅರ್ಜಿಗಳು ಇತ್ಯರ್ಥವಾಗಲು ಹೆಚ್ಚು ಕಾಲ ಹಿಡಿಯುತ್ತದೆ.