ಗಣಿ ಹಳ್ಳಿಯ ವೈದ್ಯ

ಚಿಕಿತ್ಸೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದು ಕಡಿಮೆ ದೊರೆಯುತ್ತದೆ. ವೈದ್ಯಕೀಯದಲ್ಲಿ ಮಾರುಕಟ್ಟೆಯ ಹಿಡಿತ ಬಿಗಿಯಾದಷ್ಟೂ ಈ ಅನ್ಯಾಯ ಹೆಚ್ಚುತ್ತದೆ. 1971ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಸತ್ಯವನ್ನು ಒಂದು ನಿಯಮವಾಗಿಯೇ ಮಂಡಿಸಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಬ್ರಿಟನ್ನಿನ ವೇಲ್ಸ್‌ನಲ್ಲಿದ್ದ ಕುಟುಂಬ ವೈದ್ಯ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್.

1927ರಲ್ಲಿ ಲಂಡನ್ನಿನಲ್ಲಿ ಜನಿಸಿದ ಅವರು ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಆದರೆ 1961ರಲ್ಲಿ ಅವರು ನೆಲೆಸಿದ್ದು ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. 1970ರಲ್ಲಿ ಗಣಿ ಮುಚ್ಚಿತು, ದುಡಿಮೆ ಹೋಯಿತು. ವೈದ್ಯರು ಮಾತ್ರ ಊರು ಬಿಡಲಿಲ್ಲ.

ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ನೋವಿಲ್ಲ, ಹಾಗಾಗಿ ಅದನ್ನು ಹೇಳಿಕೊಂಡು ಯಾರೂ ಬರುವುದಿಲ್ಲ. ಅದನ್ನರಿತ ಹಾರ್ಟ್, ತಮ್ಮ ಬಳಿ ನೋಂದಾಯಿಸಿದ ವಯಸ್ಕರೆಲ್ಲರ ರಕ್ತದೊತ್ತಡ ಅಳೆಯಲು ಹೊರಟರು. ಬಾರದವರನ್ನು ತಾವೇ ಹುಡುಕಿದರು. ಪ್ರತಿಯೊಬ್ಬರ ದಾಖಲೆ ಇಟ್ಟು, ವರ್ಷಗಟ್ಟಲೆ ಚಿಕಿತ್ಸೆ ಮುಂದುವರಿಸಿದರು. ಇಪ್ಪತ್ತೈದು ವರ್ಷಗಳ ಈ ದುಡಿಮೆಯ ಫಲ 1991ರಲ್ಲಿ ಪ್ರಕಟವಾಯಿತು: ನೆರೆಯ ಹಳ್ಳಿಗಿಂತ ಇಲ್ಲಿ ಅಕಾಲ ಮರಣ ಕಡಿಮೆಯಾಗಿತ್ತು.

2018ರಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ ಅವರು ನಿಧನರಾದರು. ಬಾಗಿಲಿಗೆ ಬಂದವರನ್ನು ನೋಡುವುದಷ್ಟೇ ವೈದ್ಯವೃತ್ತಿಯಾದರೆ, ಬಾಗಿಲವರೆಗೂ ಬರಲಾರದವರ ಗತಿಯೇನು? ಹಾರ್ಟ್ ಅವರ ಬದುಕು ಕೇಳಿದ ಈ ಪ್ರಶ್ನೆ ನಮ್ಮೂರಿನ ಆಸ್ಪತ್ರೆಗಳಿಗೂ ಸಲ್ಲುತ್ತದೆ.